ಬೇಸ್ ಬಾರಿಸುವವರ ಬ್ಯಾಸರ

ಬೇಸ್ ಗಿಟಾರ್ ಬಾರಿಸುವವನು ನಗೆಪಾಟಲಾಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರೆ ಸಾಕು, ಅವೇ ಪಕ್ಕದ ಸೀಟಿನಲ್ಲಿ ಬಂದು ಕೂಡುತ್ತವೆ. ಮೊನ್ನೆ ಗಿಟಾರಿಗೆ ಹೊಸ ತಂತಿ ಹಾಕಿಸಿಕೊಂಡು ರೋಣದಿಂದ ಗಜೇಂದ್ರಗಡಕ್ಕೆ ಬರುತ್ತಿದ್ದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಒಳಗೇನೈತ್ರಿ?" ಅಂದ.

"ಗಿಟಾರ್ರಿ."

"ಹಂಗಾರ ಒಂದ್ ಹಾಡ ಬಾರಸ್ರಿ, ದಾರಿ ಸಾಗ್ತೈತಿ."

"ಇದರಾಗ ಹಾಡು ಬರೂದಿಲ್ರಿ. ಹಾಡಿನ ಕೆಳಗಿಂದು ಬರ್ತೈತಿ."

ಅವನು ಟಿಕೆಟ್ ಹರಿದು ಕೊಟ್ಟು, "ಹಂಗಾರ ಸೀಟಿನ ಕೆಳಗ ಇಡ್ರಿ" ಅಂದ.

ನಾನು ಗಜೇಂದ್ರಗಡದವನು. ಹಗಲೆಲ್ಲ ಕೈಮಗ್ಗದ ಮೇಲೆ ಸೀರೆ ನೇಯುತ್ತೇನೆ. ಮದುವೆ, ಬಸುರಿಯ ಕುಬುಸ, ಯಾರಾದರೂ ಮಾಸ್ತರರ ನಿವೃತ್ತಿ ಅಂತ ಇದ್ದ ದಿನ ಮಗ್ಗಕ್ಕೆ ಬಟ್ಟೆ ಮುಚ್ಚಿ, ಒಂದು ಆರ್ಕೆಸ್ಟ್ರಾ ತಂಡದಲ್ಲಿ ಬೇಸ್ ಬಾರಿಸಲು ಹೋಗುತ್ತಿದ್ದೆ. ಈಗ ಕರೆಯುವವರಿಲ್ಲ. ಆದರೂ ತಂತಿ ಮಾತ್ರ ಹೊಸದು ಹಾಕಿಸುತ್ತೇನೆ. ಯಾಕೆ ಅಂತ ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ.

ಗೊತ್ತಿಲ್ಲದವರಿಗೆ ಒಂದು ಮಾತು. ಬೇಸ್ ಅಂದರೆ ದಪ್ಪ ತಂತಿಯ, ದಪ್ಪ ದನಿಯ ಗಿಟಾರು. ಬಾರಿಸುತ್ತಿರುವಾಗ ಅದು ಯಾರಿಗೂ ಕೇಳಿಸುವುದಿಲ್ಲ. ನಿಲ್ಲಿಸಿದರೆ ಮಾತ್ರ, ಒಲೆಯ ಮೇಲಿನ ಹಂಚನ್ನು ಯಾರೋ ಎತ್ತಿಕೊಂಡು ಹೋದ ಮೇಲೆ ಹಸಿ ರೊಟ್ಟಿ ಕೈಯಲ್ಲಿ ಹಿಡಿದು ನಿಂತಂತೆ ಆಗುತ್ತದೆ ಹಾಡಿನ ಪರಿಸ್ಥಿತಿ. ಲೋಕದಲ್ಲಿ ದೊಡ್ಡ ದೊಡ್ಡ ಬೇಸ್ ವಾದಕರಿದ್ದಾರೆ, ಮೊಬೈಲಿನಲ್ಲಿ ನಾನೂ ನೋಡಿದ್ದೇನೆ. ಆದರೆ ನನಗೆ ಮೆಚ್ಚಿಕೆಯಾದವರು ಮೂವರೇ, ಮೂವರೂ ನಮ್ಮ ಬಸ್ಸಿನ ದಾರಿಯ ಊರಿನವರು. ಅವರ ಬಗ್ಗೆ ಹೇಳಲು ಕೂತರೆ ಯಾಕೋ ಪ್ರತಿಸಲ ನಗು ಮೊದಲು ಬರುತ್ತದೆ. ಆಮೇಲೆ ಬರುವುದು ಬೇರೆ.

ಬ್ಯಾಸರಾದ್ರ ಬಿಡ್ರಿ

ಮೊದಲನೆಯವರು ನರಗುಂದದ ಮಾಸ್ತರರು. ಶಾಲೆಯ ಮಾಸ್ತರರಲ್ಲ. ಪಂಪಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇತ್ತು ಅವರದು. ಬೇಸ್ ಕಲಿಸುತ್ತಿದ್ದುದರಿಂದ ಮಾಸ್ತರ ಅನ್ನಿಸಿಕೊಂಡರು.

ಅವರನ್ನು ನಾನು ಮೊದಲು ಕಂಡದ್ದು ರಾಜೂರಿನ ಒಂದು ಮದುವೆಯಲ್ಲಿ. ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಕೂತಿತ್ತು. ಆರ್ಕೆಸ್ಟ್ರಾ ನಡೆದಿತ್ತು. ನಾನು ಮೊದಲ ತುತ್ತು ಎತ್ತಿದವನು ಹಾಗೇ ಕೂತುಬಿಟ್ಟೆ. ಎದೆಯೊಳಗೆ ಏನೋ ಗುದ್ದುತ್ತಿತ್ತು. ನಮ್ಮ ಅಪ್ಪ ಎದೆನೋವಿನಿಂದ ಹೋದವರು. ಅವರೂ ಊಟಕ್ಕೆ ಕೂತಾಗಲೇ ಹೋದವರು. ನನ್ನ ಪಾಳಿ ಬಂತು ಅಂತ ತಣ್ಣಗೆ ಬೆವೆತೆ. ಪಕ್ಕದವನ ಕೈ ಹಿಡಿದು, "ನನ್ನ ಎದಿ ಭಾಳ ಬಡಕೊಳ್ಳಾಕತ್ತೈತೋ" ಅಂದೆ. ಅವನು ಹೋಳಿಗೆ ಮುರಿಯುತ್ತ, "ನಂದೂ ಬಡಕೊಳ್ಳಾಕತ್ತೈತಿ, ತಾಳಕ್ಕ ಸರಿಯಾಗಿ ಐತಿ, ಉಣ್ಣು" ಅಂದ.

ಎದ್ದು ಹುಡುಕಿಕೊಂಡು ಹೋದೆ. ಡೋಲಕ್ಕಿನವನು ಊಟಕ್ಕೆ ಹೋಗಿದ್ದ, ಆದರೂ ಗುದ್ದು ನಿಂತಿರಲಿಲ್ಲ. ವೇದಿಕೆಯ ಹಿಂದೆ, ಜನರೇಟರಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಸಣಕಲು ಮನುಷ್ಯ ಕಣ್ಣು ಮುಚ್ಚಿ ಕೂತಿದ್ದರು. ಬೆರಳು ಆಡುತ್ತಿದ್ದವೋ ಇಲ್ಲವೋ ಅನ್ನುವ ಹಾಗೆ ಆಡುತ್ತಿದ್ದವು. ಪಲ್ಲವಿ ತಿರುಗಿ ಬರುವ ಮೊದಲು ಅವರು ಒಂದು ಸ್ವರ ಬಾರಿಸದೆ ಬಿಟ್ಟರು. ಅಷ್ಟೇ. ಅಲ್ಲಿ ಪಂಕ್ತಿಯಲ್ಲಿ ಸಾರು ಬಡಿಸುವವನ ಸೌಟು ಗಾಳಿಯಲ್ಲಿ ತಡೆಯಿತು. ಮುಂದಿನ ಸ್ವರ ಬಿದ್ದಾಗಲೇ ಸಾರು ಎಲೆಗೆ ಇಳಿಯಿತು. ಇದನ್ನು ನಾನು ಕಣ್ಣಾರೆ ಕಂಡೆ. ಸಾರಿನವನಿಗೆ ಗೊತ್ತಿಲ್ಲ, ಗಾಯಕನಿಗೆ ಗೊತ್ತಿಲ್ಲ, ಈ ಮನುಷ್ಯ ಕಣ್ಣು ಮುಚ್ಚಿಕೊಂಡು ಇಡೀ ಪಂಕ್ತಿಯ ಕೈ ಹಿಡಿದು ನಿಲ್ಲಿಸಿದ್ದರು. ಅವತ್ತೇ ನಾನು ಅವರ ಶಿಷ್ಯನಾದೆ. ಅವರಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಬಂದರು. ಎಲ್ಲರನ್ನೂ ವಿಚಾರಿಸುವ ಗತ್ತು. ಮಾಸ್ತರರ ಮುಂದೆ ನಿಂತು, "ಎಲ್ಲಾರೂ ಏನರೆ ಬಾರಸಾಕತ್ತಾರ. ನೀವೇನ್ ಬಾರಸ್ತೀರಿ?" ಅಂದರು.

ಮಾಸ್ತರರು ಕಣ್ಣು ತೆರೆದು, ವಿನಯದಿಂದ, "ಬೇಸ್ರೀ" ಅಂದರು.

ಸೋದರಮಾವನ ಮುಖದಲ್ಲಿ ಖರೇ ಖರೇ ಮರುಕ ಮೂಡಿತು. "ಬ್ಯಾಸರಾ? ಬ್ಯಾಸರಾದ್ರ ಬಿಡ್ರಿ, ನಮ್ಮದೇನೂ ಜುಲುಮಿ ಇಲ್ಲ. ಉಂಡ ಹೋಗ್ರಿ."

ಖಾರ ಕುಟ್ಟುವ ಮನೆ

ವಾರಕ್ಕೊಮ್ಮೆ ನರಗುಂದಕ್ಕೆ ಹೋಗಿ ಕಲಿಯತೊಡಗಿದೆ. ಮಾಸ್ತರರ ಅಂಗಡಿಯ ತುಂಬ ಬಿಚ್ಚಿದ ಮೋಟಾರುಗಳು, ತಾಮ್ರದ ತಂತಿ, ವಾರ್ನಿಶಿನ ವಾಸನೆ. ರಿಪೇರಿಯಾದ ಮೋಟಾರು ಚಾಲೂ ಮಾಡಿ ಅದರ ಗುಂಯ್ ಸದ್ದಿಗೆ ಗಿಟಾರಿನ ಶ್ರುತಿ ಕೂಡಿಸುವುದು ಅವರ ಪದ್ಧತಿ.

ನಾನು ಹಾಡು ಕಲಿಯುವ ಆಸೆಯಿಂದ ಹೋದವನು. ಅವರು ಮಳೆಗಾಲ ಪೂರ್ತಿ ಒಂದೇ ತಂತಿಯ ಒಂದೇ ಸ್ವರ ಬಾರಿಸಲು ಹಚ್ಚಿದರು. "ಮಾಸ್ತರ್ರ, ಎರಡನೇ ಸ್ವರ ಯಾವಾಗ್ರಿ?" ಅಂದರೆ, "ಮೊದಲನೇದು ಇನ್ನೂ ನಿನ್ನ ಮಾತ ಕೇಳವಲ್ದು. ಎರಡನೇದನ್ನ ಕಟಗೊಂಡು ಏನ್ ಮಾಡ್ತಿ?" ಅನ್ನುತ್ತಿದ್ದರು. ಆಮೇಲೆ ತಾವೇ ಗಿಟಾರು ತೊಡೆಯ ಮೇಲೆ ಇಟ್ಟುಕೊಂಡು ಅದೇ ಒಂದು ಸ್ವರ ಬಾರಿಸಿ ತೋರಿಸುತ್ತಿದ್ದರು. ನಾನು ಬಾರಿಸಿದಾಗ ಅದು ಸದ್ದು. ಅವರು ಬಾರಿಸಿದಾಗ ಯಾರೋ ಹಿರಿಯರು ಮನೆಯೊಳಗೆ ಬಂದು ಕೂತಂತೆ ಇರುತ್ತಿತ್ತು. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ನನಗೆ ಇವತ್ತಿಗೂ ಪೂರ್ತಿ ಹೇಳಲು ಬರುವುದಿಲ್ಲ.

ಮನೆಯಲ್ಲಿ ಸಂಜೆ ಮಗ್ಗ ಬಿಟ್ಟು ಅಭ್ಯಾಸಕ್ಕೆ ಕೂಡುತ್ತಿದ್ದೆ. ಧಂ. ಧಂ. ಧಂ. ಹೆಂಡತಿ ಪಾಪ ಸಹಿಸಿದಳು. ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತಳು. ನಾನು ಜಗಳಕ್ಕೆ ಬಂದಳು ಅಂದುಕೊಂಡು ಗಿಟಾರು ಹಿಂದೆ ಬಚ್ಚಿಟ್ಟೆ. ಅವಳ ಕಂಕುಳಲ್ಲಿ ಒಣಮೆಣಸಿನಕಾಯಿಯ ಚೀಲ.

"ಶ್ರಾವಣದಾಗಿಂದ ಕೇಳಾಕತ್ತೀನಿ, ಎಷ್ಟ ಕುಟ್ಟತೀರೋ ಯಪ್ಪಾ! ಎಲ್ಲೆರ ದೊಡ್ಡ ಆರ್ಡರ್ ಹಿಡದೀರಿ ಕಾಣಸ್ತೈತಿ" ಅಂದಳು. ಚೀಲ ಕಟ್ಟೆಯ ಮೇಲಿಟ್ಟು ಮುಂದುವರಿಸಿದಳು: "ನಂದೂ ಇಷ್ಟ ಕುಟ್ಟಿಕೊಡ್ರಿ. ಭಾಳ ಸಣ್ಣಗ ಬ್ಯಾಡ."

ಮಡಚಿದ ಬೆರಳು

ನನ್ನ ಮೆಚ್ಚಿನ ಎರಡನೆಯವನು ಯಾವಗಲ್ಲಿನ ಟ್ರ್ಯಾಕ್ಟರ್ ಡ್ರೈವರ್. ಮಾಸ್ತರರ ಹಳೆಯ ಶಿಷ್ಯ. ಅವನ ಬೆರಳು ಅಷ್ಟು ಚುರುಕು ಇದ್ದವು ಅಂದರೆ, ಮಾಸ್ತರರೇ ಒಮ್ಮೊಮ್ಮೆ "ಸಾವಕಾಶೋ, ಹಾಡು ಇನ್ನೂ ಹಿಂದ ಬರಾಕತ್ತೈತಿ" ಅಂತ ಗದರುತ್ತಿದ್ದರು.

ಒಂದು ವರ್ಷ ಕಡಲೆ ಒಕ್ಕುವಾಗ ಥ್ರೆಶರ್ ಮಶೀನಿನ ಬೆಲ್ಟಿಗೆ ಅವನ ಎಡಗೈ ಸಿಕ್ಕಿತು. ಉಂಗುರದ ಬೆರಳು ಬುಡದಿಂದಲೇ ಹೋಯಿತು. ಎಡಗೈ ಅಂದರೆ ಸ್ವರ ಒತ್ತುವ ಕೈ. ದವಾಖಾನಿಗೆ ನೋಡಲು ಹೋದಾಗ ಅವನ ಹೆಂಡತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವನು ಮಾತ್ರ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಉಳಿದ ಬೆರಳನ್ನು ಒಂದೊಂದಾಗಿ ಎತ್ತಿ ಎತ್ತಿ ನೋಡುತ್ತಿದ್ದ. ನಾನೂ ಮಾಸ್ತರರೂ ಎಳನೀರು ಇಟ್ಟು ಬಂದೆವು.

ಬಹಳ ತಿಂಗಳು ಅವನು ಗಿಟಾರು ಮುಟ್ಟಲಿಲ್ಲ. ಆಮೇಲೆ ಒಂದು ದಿನ ನಾನು ನರಗುಂದದಲ್ಲಿದ್ದಾಗಲೇ ಅಂಗಡಿಗೆ ಬಂದ. ಮಾಸ್ತರರು ತಮ್ಮ ಗಿಟಾರು ಅವನ ತೊಡೆಯ ಮೇಲಿಟ್ಟು, ಮೋಟಾರಿನ ಕೆಲಸಕ್ಕೆ ತಿರುಗಿದರು. ಅವನು ಪ್ರಯತ್ನ ಮಾಡಿದ. ಇಲ್ಲದ ಬೆರಳು ಇದ್ದ ಜಾಗಕ್ಕೆ ಬಂದಾಗೆಲ್ಲ ಸ್ವರ ಬಿದ್ದು ಹೋಗುತ್ತಿತ್ತು. ಗಿಟಾರು ಕೆಳಗಿಟ್ಟು ತೋಳಿನಲ್ಲಿ ಮುಖ ಮುಚ್ಚಿಕೊಂಡ.

ಮಾಸ್ತರರು ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಹ್ವಾದ ಬೆರಳಿನ ದಾರಿ ಕಾಯಬ್ಯಾಡ. ಇದ್ದ ಬೆರಳನ್ನ ಅಲ್ಲಿತನಕ ಜಗ್ಗಿಕೊಂಡ ಹೋಗು."

ಅವನು ಹಾಗೇ ಮಾಡಿದ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಲಾಗದವನು ಜಾರಿಕೊಂಡು ಹೋದ. ಆಗ ಒಂದು ದನಿ ಬಂತು. ಸಂಜೆಮುಂದೆ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆ, ಮಾರಿಹೋದ ಕರುವನ್ನು ಕರೆಯುತ್ತದಲ್ಲ, ಹಂತಾ ದನಿ. ಮಾಸ್ತರರ ಕೈಯಲ್ಲಿನ ಇಕ್ಕಳ ನಿಂತುಬಿಟ್ಟಿತು. ಮೊದಲಿನ ಅವನ ಚುರುಕು ಬಾರಿಸುವಿಕೆ ನನಗೆ ಈಗ ನೆನಪೂ ಇಲ್ಲ. ಈ ಜಾರುವ ದನಿ ಮಾತ್ರ ಮಗ್ಗದ ಮುಂದೆ ಕೂತಾಗ ಈಗಲೂ ಕಿವಿಯಲ್ಲಿ ಬರುತ್ತದೆ. ಇದ್ದುದರಲ್ಲಿ ಬಾರಿಸುವುದು ಅಂದರೇನು ಅಂತ ನಾನು ಕಲಿತದ್ದು ಅವನಿಂದ.

ಆ ದನಿ ಸುತ್ತಮುತ್ತ ಹೆಸರಾಯಿತು. ಬೇರೆ ತಂಡದ ಬೇಸಿನವರು ದೂರದಿಂದ ಬಂದು ಮದುವೆ ಮಂಟಪದಲ್ಲಿ ಅವನ ಎದುರಿಗೇ ಕೂತು ನೋಡತೊಡಗಿದರು. ಒಮ್ಮೆ ಗದಗಿನ ಕಡೆಯ ಒಬ್ಬ, ಕೂದಲು ಉದ್ದ ಬಿಟ್ಟವನು, ಹಾಡು ಮುಗಿದ ಮೇಲೆ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಸರ್, ನಿಮ್ಮ ಸ್ಟೈಲ್ ಭಾರಿ ಐತಿ. ಆ ಉಂಗುರದ ಬೆರಳ ಒಳಗ ಮಡಚಿಕೊಂಡು ಬಾರಸ್ತೀರಲ್ಲ, ನನಗ ಎಷ್ಟ ಮಾಡಿದ್ರೂ ಹಂಗ ಮಡಚಾಕ ಬರವಲ್ದ್ರಿ. ಹ್ಯಾಂಗ ಮಡಚೂದ್ರಿ ಅದನ್ನ?"

ನಮ್ಮ ಡ್ರೈವರ್ ಗಂಭೀರವಾಗಿ ಅವನ ಕೈ ಹಿಡಿದು ಬೆರಳು ಪರೀಕ್ಷೆ ಮಾಡಿದ.

"ಯಾವಗಲ್ಲಿಗೆ ಬಾ. ಕಡ್ಲಿ ಸುಗ್ಗಿ ಮುಂದ ಮಶೀನಿನ್ಯಾಗ ಹಿಡಿ. ತಾನ ಮಡಚ್ತೈತಿ."

ಹಾಡು ಯಾವಾಗ ಶುರು?

ಮೂರನೆಯವಳು ಅಬ್ಬಿಗೇರಿಯ ಟೇಲರಿಂಗ್ ಮಾಡುವ ಹುಡುಗಿ. ಮಾಸ್ತರರ ಹೆಂಡತಿಯ ಕಡೆಯ ಸಂಬಂಧ. ಹೆಂಗಸರ ಜಂಪರಿನ ಅಳತೆ ತಗೊಳ್ಳಲು ನರಗುಂದಕ್ಕೆ ಬರುತ್ತಿದ್ದವಳು ಅಂಗಡಿಯಲ್ಲಿ ಗಿಟಾರು ನೋಡಿ ಕೈ ಹಾಕಿದಳು. ಬಾರಿಸುವಾಗ ತುಟಿ ಅಲ್ಲಾಡಿಸುತ್ತಿದ್ದಳು. ಪ್ರತಿ ಸ್ವರವನ್ನೂ ಮೊದಲು ತನ್ನೊಳಗೆ ಹಾಡಿಕೊಂಡು, ಆಮೇಲೆ ತಂತಿಗೆ ಹೇಳುತ್ತಿದ್ದಳು. ನಾವೆಲ್ಲ ಬಾರಿಸುವುದನ್ನು ಅವಳು ಮಾತಾಡುತ್ತಿದ್ದಳು. "ಇಕಿ ಮುಂದ ನಾವೆಲ್ಲ ಮೋಟಾರಪ್ಪಾ" ಅಂತ ಮಾಸ್ತರರು ಮೆಚ್ಚಿ ನಗುತ್ತಿದ್ದರು.

ಅವಳನ್ನು ನೋಡಲು ವರನ ಕಡೆಯವರು ಬರುವ ದಿನ ಅವಳು ಹಟ ಹಿಡಿದಳು. ಹಾಡು ಅಂದರೆ ಹಾಡುವುದಿಲ್ಲ, ಬೇಸ್ ಬಾರಿಸುತ್ತೇನೆ. ಅವಳ ಅಪ್ಪ ನನಗೆ ಫೋನ್ ಮಾಡಿ, "ಸ್ಪೀಕರ್ ಡಬ್ಬಿ ತಗೊಂಡ ಬಾರಪ್ಪಾ, ಇಲ್ಲಾಂದ್ರ ಇಕಿ ಅಡಿಗಿಮನಿಯಿಂದ ಹೊರಗ ಬರಂಗಿಲ್ಲ ಅಂತಾಳ" ಅಂದ. ಹೊತ್ತುಕೊಂಡು ಹೋದೆ.

ವರ, ಅವನ ಅಪ್ಪ, ಅವ್ವ, ಒಬ್ಬ ಕಾಕಾ. ಅವಲಕ್ಕಿ, ಚಹಾ ಆಯಿತು. ಕಾಕಾ ಪದ್ಧತಿಯಂತೆ, "ಒಂದ ಹಾಡ ಆಗಲಿ ತಂಗಿ" ಅಂದರು. ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು, ಗಿಟಾರು ಹಾಕಿಕೊಂಡು ಕೂತು ಬಾರಿಸಿದಳು. ಇಡೀ ಹಾಡು, ಪಲ್ಲವಿ, ಎರಡೂ ಚರಣ. ನನ್ನ ಕಣ್ಣಲ್ಲಿ ನೀರು ಬಂತು. ಬಂದವರು ಕೈಕಟ್ಟಿ, ಮುಗುಳ್ನಗೆ ಹಿಡಿದು, ಕಾಯುತ್ತ ಕೂತರು. ಅವಳು ಕೈ ಇಳಿಸಿದಳು. ಎಲ್ಲರೂ ಇನ್ನೂ ಕಾಯುತ್ತಲೇ ಇದ್ದರು.

ಕಾಕಾ ಗಂಟಲು ಸರಿಮಾಡಿಕೊಂಡು, "ಶುರು ಮಾಡವಾ, ನಾಚಬ್ಯಾಡ" ಅಂದರು.

"ಮುಗೀತ್ರಿ" ಅಂದಳು ಅವಳು.

ಅವಳ ಅಪ್ಪ ಹೇಗಾದರೂ ಮಾಡಿ ಸಂಬಂಧ ಉಳಿಸಬೇಕೆಂದು, "ಅಂದ್ರ ಏನ್ರೀ, ಮುಂದಿನವರು ಹಾಡ್ತಾರ್ರಿ, ಇಕಿ ಹಿಂದ ಸಪ್ಪಳಿಲ್ದಂಗ ಸಂಭಾಳಿಸಿಕೊಂಡ ಹೋಗ್ತಾಳ್ರಿ" ಅಂದ. ವರನ ಅವ್ವ ಮೊದಲ ಸಲ ಮುಖ ಅರಳಿಸಿ, "ಹಂಗಾರ ನಮಗ ಒಪ್ಪಿಗಿ" ಅಂದಳು.

ಮದುವೆಯಾಗಿ ಅವಳು ರೋಣಕ್ಕೆ ಹೋದಳು. ತಂಡದಲ್ಲಿ ಬಾರಿಸಲು ಅವರು ಕಳಿಸಲಿಲ್ಲ. ಗಿಟಾರು ಅಟ್ಟ ಸೇರಿತು ಅಂತ ಕೇಳಿ ಮಾಸ್ತರರು ಎರಡು ದಿನ ಅಂಗಡಿ ತೆರೆಯಲಿಲ್ಲ. ಬಹಳ ದಿನದ ಮೇಲೆ ನಾನು ಸೀರೆ ಕೊಡಲು ರೋಣಕ್ಕೆ ಹೋದಾಗ ಅವಳ ಮನೆಗೆ ಹೋದೆ. ನೋಡಿದರೆ ಪಡಸಾಲೆಯಲ್ಲಿ ಗಿಟಾರು ಹಿಡಿದು ಕೂತು ಬಾರಿಸುತ್ತಿದ್ದಾಳೆ! ಅತ್ತೆ ಎದುರಿಗೆ ಕಾಲು ಚಾಚಿಕೊಂಡು, ಸ್ಪೀಕರ್ ಡಬ್ಬಿಗೆ ಮೊಣಕಾಲು ಒತ್ತಿ ಕೂತಿದ್ದಾಳೆ.

"ಬರ್ರಿ, ಕುಂದರ್ರಿ" ಅಂದಳು ಅತ್ತೆ. "ವಾಯು ಹಿಡದ ಕಾಲು ನಂದು. ದವಾಖಾನಿ ಗುಳಗಿ ಎಲ್ಲಾ ನುಂಗಿ ಸಾಕಾತು. ಇದು ಗುಂ ಗುಂ ಅಂತ ಎಲುವಿನೊಳಗ ಹೋಗಿ ಭಾಳ ಆರಾಮ ಅನಸ್ತೈತಿ. ಏ ಹುಡುಗಿ, ಆ ದಪ್ಪ ತಂತಿ ಇನ್ನಷ್ಟ ಬಾರಸ."

ನಾನು ಕಂಡ ಬೇಸ್ ವಾದಕರಲ್ಲೆಲ್ಲ ಹೆಚ್ಚು ಹೃದಯ ಇದ್ದವಳು ಅವಳು. ಅವಳಿಗೆ ಈಗ ಉಳಿದಿರುವ ಶ್ರೋತೃ ಒಂದೇ, ಅದೂ ಒಂದು ಮೊಣಕಾಲು.

ದೇವರ ಮಿಕ್ಸಿಂಗ್

ಆಮೇಲೆ ನಮ್ಮ ಕಡೆ ಡಿಜೆ ಬಂತು. ಗುಡಿಸಲಿನಷ್ಟು ದೊಡ್ಡ ಡಬ್ಬಿಗಳು ಟ್ರ್ಯಾಕ್ಟರಿನ ಮೇಲೆ ಬಂದು ನಿಂತರೆ ಮಾಸ್ತರರು, ಯಾವಗಲ್ಲಿನವನು, ನಾನು ಪಾಳಿಯ ಮೇಲೆ ಬೇಸ್ ಬಾರಿಸುತ್ತಿದ್ದ ನಮ್ಮ ತಂಡ ಅದರ ಮುಂದೆ ಕೆಮ್ಮಿದಂತೆ. ಒಬ್ಬೊಬ್ಬರಾಗಿ ತಂಡ ಬಿಟ್ಟರು. ಕೀಬೋರ್ಡಿನವನು ಹಾರ್ಡ್‌ವೇರ್ ಅಂಗಡಿ ಸೇರಿದ. ಯಾವಗಲ್ಲಿನವನಿಗೆ ಟ್ರ್ಯಾಕ್ಟರ್ ಇತ್ತು, ಅವನು ಈಗ ಅದರ ಮೇಲೆ ಡಿಜೆ ಡಬ್ಬಿಗಳನ್ನೇ ಹೇರುತ್ತಾನೆ. "ಬೇಸ್ ಬಿಟ್ಟಿಲ್ಲೋ, ಹೊರಾಕತ್ತೀನಿ" ಅನ್ನುತ್ತಾನೆ.

ಅದೇ ಹೊತ್ತಿಗೆ ಮಾಸ್ತರರಿಗೆ ಕಿವಿ ಮಂದವಾಗತೊಡಗಿತು. ಅವರ ಹೆಂಡತಿಯೂ ನಾನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಕಿವಿಗೆ ಡಬ್ಬಿ ಹಾಕಿ ಪರೀಕ್ಷೆ ಮಾಡಿದ ಡಾಕ್ಟರು, ಸಣ್ಣ ದನಿಗಳು ಹೋಗಿವೆ, ದಪ್ಪ ದನಿ ಮಾತ್ರ ಉಳಿದಿದೆ, ಅದೂ ಸ್ವಲ್ಪ ವರ್ಷ ಅಂತ ಹೇಳಿದರು. ಮಾಸ್ತರರಿಗೆ ಕೇಳಿಸದ್ದರಿಂದ ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು.

ಮಾಸ್ತರರು ಓದಿದರು. ಇನ್ನೊಮ್ಮೆ ಓದಿದರು. "ಅಂದ್ರ ಗಾಯಕನ ದನಿ ಕೇಳಿಸಂಗಿಲ್ಲ?"

ನಾನು ಇಲ್ಲ ಅಂತ ತಲೆ ಆಡಿಸಿದೆ.

"ಕೀಬೋರ್ಡು?"

ಇಲ್ಲ.

"ಬರೇ ನಂದಷ್ಟ ಕೇಳಸ್ತೈತಿ?"

ಹೌದು.

ಮಾಸ್ತರರು ಮೇಲೆ ನೋಡಿ ಕೈ ಮುಗಿದರು. "ಇಷ್ಟ ವರ್ಷದ ಮ್ಯಾಲೆ ಯಪ್ಪಾ, ದೇವರು ಮಿಕ್ಸಿಂಗ್ ಸರಿ ಮಾಡ್ಯಾನ."

ಜನರೇಟರ್ ನಿಂತದ್ದು

ಆದರೆ ಉಳಿದದ್ದೂ ಬೇಗ ಹೋಯಿತು. ಕೊನೆಕೊನೆಗೆ ಅವರು ಗದ್ದವನ್ನು ಗಿಟಾರಿನ ಮೈಗೆ ಒತ್ತಿ, ಎಲುಬಿನಿಂದಲೇ ಕೇಳಿಕೊಂಡು ಬಾರಿಸುತ್ತಿದ್ದರು. ನೋಡಿದವರಿಗೆ ಕೂಸನ್ನು ಮಲಗಿಸಿಕೊಂಡಂತೆ ಕಾಣುತ್ತಿತ್ತು.

ಅವರು ಕೊನೆಯ ಸಲ ಬಾರಿಸಿದ್ದು ರೋಣದ ಒಂದು ಮದುವೆಯಲ್ಲಿ. ಡಿಜೆ ಬೇಡ ಅನ್ನುವ ಹಳೆಯ ಮನುಷ್ಯ ಹೇಗೋ ನಮ್ಮನ್ನು ಕರೆದಿದ್ದ. ಬಿಟ್ಟುಹೋದವರೆಲ್ಲ ಒಂದು ದಿನದ ಮಟ್ಟಿಗೆ ಸೇರಿದರು. ಯಾವಗಲ್ಲಿನವನು ಟ್ರ್ಯಾಕ್ಟರಿನಲ್ಲೇ ಬಂದ. ಮಟಮಟ ಮಧ್ಯಾಹ್ನ. ಅರ್ಧ ಹಾಡಿನಲ್ಲಿ ಜನರೇಟರ್ ಕೆಮ್ಮಿ ಕೆಮ್ಮಿ ನಿಂತಿತು. ಮೈಕು ಹೋಯಿತು, ಕೀಬೋರ್ಡು ಹೋಯಿತು, ಫ್ಯಾನು ಹೋಯಿತು. ಎಲ್ಲರೂ ಕೈ ಬಿಟ್ಟರು. ಮಾಸ್ತರರು ಬಿಡಲಿಲ್ಲ. ಕಣ್ಣು ಮುಚ್ಚಿದ್ದರು, ಗದ್ದ ಗಿಟಾರಿನ ಮೇಲಿತ್ತು, ಎಲುಬಿಗೆ ಕರೆಂಟು ಬೇಕಾಗಿರಲಿಲ್ಲ.

ಮುಟ್ಟಿ ಹೇಳಲು ನಾನು ಕೈ ಚಾಚಿದೆ. ಯಾವಗಲ್ಲಿನವನು ನನ್ನ ಕೈ ಹಿಡಿದ. ಮಂಟಪ ಸುಮ್ಮಗಾಯಿತು. ಪಂಕ್ತಿಯಲ್ಲಿ ಕೂತವರೂ ಯಾಕೋ ಮಾತು ನಿಲ್ಲಿಸಿದರು. ಆ ಮೌನದೊಳಗೆ ತಂತಿಯ ಸಣ್ಣ ತಕ್ ತಕ್ ಅಷ್ಟೇ ಕೇಳಿಸುತ್ತಿತ್ತು. ಚರಣ ಆಯಿತು. ಪಲ್ಲವಿಗೆ ಮೊದಲು ಒಂದು ಸ್ವರ ಬಿಟ್ಟರು, ನಾವೆಲ್ಲ ಉಸಿರು ಹಿಡಿದೆವು. ಹಾಡು ಪೂರ್ತಿ ಮುಗಿಸಿದರು. ಕಣ್ಣು ತೆರೆದು ನಮ್ಮತ್ತ ತಿರುಗಿ, "ಹ್ಯಾಂಗಾತು?" ಅಂದರು.

ಎಲ್ಲರೂ ಕೈಯೆತ್ತಿ, ಭಾಳ ಚಲೋ ಆತು ಅಂತ ಸನ್ನೆ ಮಾಡಿದೆವು.

ಮಾಸ್ತರರ ಮುಖದಲ್ಲಿ ತೃಪ್ತಿ. ಗಾಯಕನ ಬೆನ್ನು ತಟ್ಟಿ ಹೇಳಿದರು: "ಇವತ್ತ ನೋಡಪಾ ನೀ ಹದವರಿತು ಹಾಡಿದ್ದು."

ಫ್ಲೆಕ್ಸ್

ಮಾಸ್ತರರು ಹೋದದ್ದು ಚಳಿಗಾಲದ ಕೊನೆಗೆ. ಜ್ವರ ಅಂತ ಮಲಗಿದವರು ಏಳಲಿಲ್ಲ. ನರಗುಂದದಲ್ಲಿ ಸಮುದಾಯ ಭವನ ಹಿಡಿದು ಒಂದು ಶ್ರದ್ಧಾಂಜಲಿ ಸಭೆ ಮಾಡೋಣ ಅಂತ ನಾವು ನಾಲ್ಕು ಮಂದಿ ಓಡಾಡಿದೆವು.

ಫೋಟೋ ಬೇಕಾಯಿತು. ಮನೆಯಲ್ಲಿ ಹುಡುಕಿದರೆ ಮದುವೆಯ ದಿನದ್ದು ಒಂದು, ಬಾಸಿಂಗದಲ್ಲಿ ಮುಖ ಮುಚ್ಚಿಹೋಗಿತ್ತು. ನಮ್ಮ ಮೊಬೈಲುಗಳಲ್ಲಿ ಹುಡುಕಿದೆವು. ತಂಡದ ಫೋಟೋ ರಾಶಿ ಇದ್ದವು. ಒಂದರಲ್ಲಿ ಮಾಸ್ತರರ ಮುಖಕ್ಕೆ ಮೈಕಿನ ಕೋಲು ಅಡ್ಡ, ಇನ್ನೊಂದರಲ್ಲಿ ಕೀಬೋರ್ಡಿನವನ ತಲೆ. ಗಾಯಕ ಅಳುತ್ತ, "ನನ್ನ ಹಂತ್ಯಾಕ ಒಂದ್ ಚಲೋದ ಐತಿ, ಇಬ್ಬರೂ ಇದ್ದದ್ದು, ಮಾಸ್ತರ್ರದು ಸ್ವಲ್ಪ ಮುಖ ಕಾಣಸ್ತೈತಿ" ಅಂದ. ಫ್ಲೆಕ್ಸಿನ ಅಂಗಡಿಗೆ ಕಳಿಸು ಅಂದೆವು. ಕಳಿಸಿದ. ಅಂಗಡಿಯವನಿಗೆ ಏನು ಗೊತ್ತು, ಪಾಪ. ಫೋಟೋದಲ್ಲಿ ಮುಂದೆ ನಿಂತು, ಮಿಂಚುವ ಕೋಟು ಹಾಕಿಕೊಂಡು, ಕೈಯೆತ್ತಿ ನಗುತ್ತಿದ್ದವನನ್ನೇ ದೊಡ್ಡದು ಮಾಡಿದ. ಸುತ್ತ ಹೂವಿನ ಬಳ್ಳಿ, ಕೆಳಗೆ ದೀಪ, 'ಮತ್ತೆ ಹುಟ್ಟಿ ಬನ್ನಿ' ಅಂತ ಅಕ್ಷರ. ಬೆಳಿಗ್ಗೆ ಭವನದ ಕಸ ಹೊಡೆಯುವವರೇ ಅದನ್ನು ಕಟ್ಟಿ, ಹಾರ ಹಾಕಿಬಿಟ್ಟಿದ್ದರು. ನಾವು ಮಾಸ್ತರರ ಹೆಂಡತಿಯನ್ನು ಕರೆತರಲು ಹೋಗಿದ್ದೆವು.

ನಾವು ಬರುವ ಹೊತ್ತಿಗೆ ಜನ ಸೇರಿದ್ದರು. ಸಾಲು ಹಚ್ಚಿ ಹೂವು ಏರಿಸುತ್ತಿದ್ದರು. ನಾನು ಫ್ಲೆಕ್ಸ್ ನೋಡಿದವನೇ ಮಾಸ್ತರರ ಹೆಂಡತಿಯನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂಡಿಸಿಬಿಟ್ಟೆ. ಗಾಯಕ ಚಹಾದ ತಟ್ಟೆ ಹಿಡಿದು ಅಡುಗೆಕೋಣೆಯಿಂದ ಹೊರಬಂದ. ತನ್ನನ್ನು ತಾನು ಹಾರದಲ್ಲಿ ಕಂಡು ಕಂಬದ ಹಾಗೆ ನಿಂತ. ಅದೇ ಹೊತ್ತಿಗೆ ರಾಜೂರಿನ ಒಬ್ಬ ಮುದುಕ, ದೂರದಿಂದ ಬಸ್ಸಿಗೆ ಬಂದವನು, ಫ್ಲೆಕ್ಸಿನ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದ್ದ. "ಎಂಥಾ ಹಾಡ ಹಾಡ್ತಿದ್ಯೋ ನನ್ನಪ್ಪಾ!" ಕಣ್ಣೊರೆಸಿಕೊಂಡು ತಿರುಗಿದ. ಎದುರಿಗೆ ಅದೇ ಮುಖ, ಚಹಾದ ತಟ್ಟೆ ಹಿಡಿದುಕೊಂಡು.

ಮುದುಕ ಹಿಂದೆ ಸರಿದು ಗೋಡೆ ಹಿಡಿದ. "ನೀ... ನೀ ಹೋಗಿಲ್ಲೇನೋ?"

ಗಾಯಕ ಅಳುಮುಖದಲ್ಲಿ, "ನಾ ಅಲ್ರೀ ಯಜ್ಜಾ. ತೀರಕೊಂಡವರು ನನ್ನ ಹಿಂದ ನಿಂತಿದ್ದವರು" ಅಂದ.

ಮುದುಕ ಫ್ಲೆಕ್ಸನ್ನೂ ಅವನನ್ನೂ ನೋಡಿ, ನಿಜವಾಗಿಯೂ ತಿಳಿಯದೆ ಕೇಳಿದ: "ನಿನ್ನ ಹಿಂದ ಯಾರರೆ ಇರ್ತಿದ್ರೇನು?"

ನಾನು ಮಾಸ್ತರರ ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅವರು ನಿಧಾನಕ್ಕೆ ಎದ್ದರು. ಫ್ಲೆಕ್ಸಿನ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಅಡಿಯಿಂದ ಮುಡಿಯವರೆಗೆ ಹುಡುಕಿದರು. ಗಾಯಕನ ಹೆಗಲ ಹಿಂದೆ, ಅಂಚಿನಲ್ಲಿ, ಕತ್ತರಿಸಿಹೋದ ಒಂದು ಮೊಣಕೈ ಉಳಿದಿತ್ತು. ತೋಳು ಮಡಚಿದ ನೀಲಿ ಅಂಗಿ.

"ಇಲ್ಲೇ ಅದಾರ ನೋಡ್ರಿ" ಅಂದರು. "ಈ ಅಂಗಿ ನಾನ ಒಗಿತಿದ್ದೆ."

ಗಾಯಕನ ಮುಖದ ಮೇಲಿನ ಹಾರ ತೆಗೆದು, ಆ ಮೊಣಕೈಯ ಮೇಲಿನ ಮೊಳೆಗೆ ಹಾಕಿದರು. ಹಾಕಿ, ಒಂದು ಹೆಜ್ಜೆ ಹಿಂದೆ ಬಂದು ನೋಡಿದರು. ಆಮೇಲೆ ಅವರಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಗುತ್ತ ನಗುತ್ತ ಅಲ್ಲೇ ಕೂತರು, ಮಾಸ್ತರರು ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತದ್ದೂ ಆಗಲೇ. ಗಾಯಕ ತಟ್ಟೆ ಕೆಳಗಿಟ್ಟು ಅವರ ಕಾಲ ಹತ್ತಿರ ಕೂತು ಅತ್ತ.

ರಾಜೂರಿನ ಮುದುಕನಿಗೆ ಈಗ ಸಂಗತಿ ತಿಳಿಯಿತು. ಅವನು ಸಾಲಿನಲ್ಲಿ ಮತ್ತೆ ಹೊಸದಾಗಿ ನಿಂತ. ತನ್ನ ಪಾಳಿ ಬಂದಾಗ ಟೊಪ್ಪಿಗೆ ತೆಗೆದು, ಆ ಮೊಣಕೈಯನ್ನು ಬಹಳ ಹೊತ್ತು ದಿಟ್ಟಿಸಿ, ಕೈ ಮುಗಿದು ಹೇಳಿದ:

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಲಗೂ ಗುರ್ತು ಸಿಗಲಿಲ್ಲ."